ದಾರಿ ಸವೆಸುವ ಆಟಗಳು

ಎತ್ತಿನ ಗಾಡಿಯಲ್ಲಿ ಊರಿಂದೂರಿಗೆ ಹೋಗುತ್ತಿದ್ದ ನಮ್ಮ ಹಿರಿಯರು ದಾರಿಯ ಬೇಸರವನ್ನು ಕಳೆಯಲು ಕಥೆ ಹೇಳುತ್ತಿದ್ದರು, ಒಗಟು ಒಡ್ಡುತ್ತಿದ್ದರು, ಹಾಡುತ್ತಿದ್ದರು. ಗಾಡಿಯ ಸ್ಥಾನಕ್ಕೆ ಕಾರು ಬಂದಿತು. ದಿನಗಳ ಪ್ರಯಾಣ ಗಂಟೆಗಳಿಗೆ ಇಳಿಯಿತು. ಬೇಸರ ಮಾತ್ರ ಇಳಿದಂತೆ ತೋರುವುದಿಲ್ಲ. ಬೆಂಗಳೂರನ್ನು ಬಿಟ್ಟ ಕಾರು ತುಮಕೂರನ್ನು ದಾಟುವುದರೊಳಗೆ ಹಿಂದಿನ ಆಸನದಿಂದ "ಇನ್ನೆಷ್ಟು ದೂರ?" ಎಂಬ ಪ್ರಶ್ನೆ ಏಳುತ್ತದೆ. ಅಂತ್ಯಾಕ್ಷರಿ ಒಂದು ಗಂಟೆ ನಡೆದೀತು. ಅನಂತರ ಕೆಲವರು ನಿದ್ರೆಗೆ ಶರಣಾಗುತ್ತಾರೆ, ಕೆಲವರು ಕೈಯಲ್ಲಿರುವ ಫೋನಿಗೆ.

ಇಂಥ ಹೊತ್ತಿನಲ್ಲಿ ಆಡಬಹುದಾದ ಕೆಲವು ಆಟಗಳನ್ನು ಇಲ್ಲಿ ಓದುಗರ ಮುಂದಿಡುತ್ತೇವೆ. ಸೆಕೆಂಡುಗಳನ್ನು ತೋರಿಸುವ ಗಡಿಯಾರ, ನೀರಿನ ಸೀಸೆ, ಗೇಣುದ್ದದ ದಾರ, ಒಂದು ಹಾಳೆ ಕಾಗದ, ಇಷ್ಟಿದ್ದರೆ ಸಾಕು. ಆದರೆ ಎರಡು ನಿಯಮಗಳನ್ನು ತಪ್ಪದೆ ಪಾಲಿಸಬೇಕು. ಮೊದಲನೆಯದು: ಕಾರು ನಡೆಸುವವರು ಆಟಕ್ಕೆ ಸೇರತಕ್ಕದ್ದಲ್ಲ, ಅವರ ಕಣ್ಣನ್ನೂ ಗಮನವನ್ನೂ ಯಾರೂ ಸೆಳೆಯಬಾರದು. ಎರಡನೆಯದು: ಪ್ರತಿಯೊಂದು ಆಟದಲ್ಲಿಯೂ ಮೊದಲು ಊಹೆ, ಆಮೇಲೆ ಪರೀಕ್ಷೆ. ಊಹೆಯನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು, ಇಲ್ಲವೆ ಹಾಳೆಯ ಮೇಲೆ ಬರೆದಿಡಬೇಕು. ಫಲವನ್ನು ಕಂಡ ಬಳಿಕ "ಹೀಗೆಯೇ ಆಗುವುದೆಂದು ನನಗೆ ಗೊತ್ತಿತ್ತು" ಎನ್ನುವುದು ಬಲು ಸುಲಭ. ಮೊದಲೇ ಹೇಳಿಬಿಟ್ಟವನಿಗೆ ಆ ಸೌಕರ್ಯವಿರುವುದಿಲ್ಲ. ಆತನ ಊಹೆ ಸರಿಯೋ ತಪ್ಪೋ ಎಂಬುದನ್ನು ರಸ್ತೆಯೇ ತೀರ್ಮಾನಿಸುತ್ತದೆ. ಪ್ರಯೋಗಶಾಲೆಯಲ್ಲಿ ನಡೆಯುವುದೂ ಇದಕ್ಕಿಂತ ಬೇರೆಯಲ್ಲ.

ಹೊರಗೆ ನೋಡುವ ಆಟಗಳೇ ಏಕೆ?

ನಾವು ಆರಿಸಿರುವ ಆಟಗಳಲ್ಲಿ ಹೆಚ್ಚಿನವು ಕಿಟಕಿಯ ಹೊರಗೆ ನೋಡುತ್ತ ಆಡುವಂಥವು. ಇದಕ್ಕೆ ಕಾರಣವುಂಟು. ಓಡುವ ಕಾರಿನಲ್ಲಿ ಪುಸ್ತಕವನ್ನೋ ಫೋನನ್ನೋ ನೋಡುತ್ತ ಕುಳಿತವರಲ್ಲಿ ಹಲವರಿಗೆ ತಲೆ ಸುತ್ತಿ ಹೊಟ್ಟೆ ತೊಳಸುತ್ತದೆ. ಆಗುಂಬೆ ಘಾಟಿಯ 14 ಕಡಿದಾದ ತಿರುವುಗಳನ್ನು ಇಳಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವರ್ತುಲ ನಾಳಗಳಿವೆ. ತಲೆ ತಿರುಗಿದಾಗ ಅದನ್ನು ಮಿದುಳಿಗೆ ತಿಳಿಸುವುದು ಇವುಗಳ ಕೆಲಸ. ಇವುಗಳ ಪಕ್ಕದಲ್ಲಿಯೇ ಇರುವ ಎರಡು ಸಣ್ಣ ಚೀಲಗಳು ವೇಗದ ಏರಿಳಿತವನ್ನೂ ತಲೆಯ ಓರೆಯನ್ನೂ ತಿಳಿಸುತ್ತವೆ. ಕಾರು ತಿರುಗಿದಾಗ ಕಿವಿಯು "ತಿರುಗುತ್ತಿದ್ದೇವೆ" ಎಂದು ವರದಿಮಾಡುತ್ತದೆ. ಪುಸ್ತಕದ ಮೇಲೆ ನೆಟ್ಟ ಕಣ್ಣಾದರೋ "ಏನೂ ಕದಲುತ್ತಿಲ್ಲ" ಎನ್ನುತ್ತದೆ. ಈ ಎರಡು ಸಾಕ್ಷ್ಯಗಳ ವಿರೋಧವೇ ಪ್ರಯಾಣದ ವಾಕರಿಕೆಗೆ ಮೂಲವೆಂಬುದು ವಿಜ್ಞಾನಿಗಳಲ್ಲಿ ಬಹುಮಂದಿ ಒಪ್ಪಿರುವ ವಿವರಣೆ.

ಕಾರು ನಡೆಸುವವರಿಗೆ ಈ ವಾಕರಿಕೆ ಬರುವುದು ಅಪರೂಪ. ಕಾರು ಯಾವಾಗ ಎತ್ತ ತಿರುಗುವುದೆಂಬುದು ಅವರಿಗೆ ಮುಂಚಿತವಾಗಿಯೇ ತಿಳಿದಿರುತ್ತದೆ. ಮಿದುಳು ನಿರೀಕ್ಷಿಸಿದ್ದೂ ಕಿವಿ ಹೇಳಿದ್ದೂ ಹೊಂದಿಕೊಳ್ಳುತ್ತವೆ. ಎಂದರೆ ನಮ್ಮ ಮಿದುಳು ಕೂಡ ಸದಾ "ಮೊದಲು ಊಹೆ, ಆಮೇಲೆ ಪರೀಕ್ಷೆ" ಎಂಬ ಆಟವನ್ನೇ ಆಡುತ್ತಿರುತ್ತದೆ. ಪ್ರಯಾಣಿಕನು ಮುಂದಿನ ದಾರಿಯನ್ನೂ ದೂರದ ದಿಗಂತವನ್ನೂ ನೋಡುತ್ತ ಕುಳಿತರೆ ಅವನಿಗೂ ಈ ಅನುಕೂಲ ಸ್ವಲ್ಪಮಟ್ಟಿಗೆ ದೊರೆಯುತ್ತದೆ. ಆದುದರಿಂದಲೇ ಹೊರಗೆ ನೋಡುವ ಆಟ ಮನಸ್ಸಿಗೆ ಹಿತ, ಹೊಟ್ಟೆಗೂ ಹಿತ.

ಕಲ್ಲು ಮತ್ತು ಗಡಿಯಾರ

ಮೊದಲನೆಯ ಆಟಕ್ಕೆ ರಸ್ತೆಯ ಪಕ್ಕದ ಕಲ್ಲುಗಳೇ ಸಾಮಗ್ರಿ. ಮೆಟ್ರಿಕ್ ಪದ್ಧತಿಯನ್ನು ಜಾರಿಗೆ ತಂದ ಶಾಸನ ನಮ್ಮ ದೇಶದಲ್ಲಿ 1956ರಲ್ಲಿ ಬಂದಿತು. ಕ್ರಮೇಣ ಮೈಲಿ ಹೋಯಿತು, ಆದರೆ "ಮೈಲಿಗಲ್ಲು" ಎಂಬ ಮಾತು ನಮ್ಮ ನುಡಿಯಲ್ಲಿ ಹಾಗೆಯೇ ನಿಂತಿದೆ. ಈಗಿನ ಕಲ್ಲುಗಳು ಕಿಲೋಮೀಟರಿನವು. ರಾಷ್ಟ್ರೀಯ ಹೆದ್ದಾರಿಯಾದರೆ ಕಲ್ಲಿನ ತಲೆಗೆ ಹಳದಿ ಬಣ್ಣ, ರಾಜ್ಯ ಹೆದ್ದಾರಿಯಾದರೆ ಹಸುರು.

ಒಂದು ಕಲ್ಲು ಕಿಟಕಿಯನ್ನು ದಾಟಿದೊಡನೆ ಗಡಿಯಾರ ನೋಡಿಕೊಂಡು, ಮುಂದಿನ ಕಲ್ಲಿನವರೆಗೆ ಎಷ್ಟು ಸೆಕೆಂಡಾಯಿತೆಂದು ಎಣಿಸಬೇಕು. ಗಂಟೆಗೆ 3600 ಸೆಕೆಂಡುಗಳಷ್ಟೆ. 3600ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ವೇಗವೆಂಬುದು ಬರುತ್ತದೆ. 60 ಸೆಕೆಂಡು ಹಿಡಿದರೆ ವೇಗ 60. 45 ಹಿಡಿದರೆ 80. 36 ಹಿಡಿದರೆ 100. ಎಲ್ಲರೂ ತಮ್ಮ ಊಹೆಯನ್ನು ಮೊದಲು ಹೇಳಲಿ. ಲೆಕ್ಕ ಮುಗಿದ ಮೇಲೆ ಯಾರು ಹತ್ತಿರ ಬಂದರೋ ಅವರಿಗೆ ಒಂದು ಅಂಕ. ಕಾರಿನ ಹೊಸತು, ರಸ್ತೆಯ ನುಣುಪು, ಕಿಟಕಿ ಮುಚ್ಚಿದೆಯೆ ತೆರೆದಿದೆಯೆ ಎಂಬಿವೆಲ್ಲ ನಮ್ಮ ಊಹೆಯನ್ನು ಎಷ್ಟರಮಟ್ಟಿಗೆ ದಾರಿತಪ್ಪಿಸುತ್ತವೆ ಎಂಬುದು ನಾಲ್ಕಾರು ಕಲ್ಲುಗಳಲ್ಲಿ ಮನವರಿಕೆಯಾಗುತ್ತದೆ.

ಇಲ್ಲಿಯೇ ಮಾಪನದ ಒಂದು ಮುಖ್ಯ ಪಾಠವೂ ಅಡಗಿದೆ. ಹೆದ್ದಾರಿಗಳಲ್ಲಿ ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದರಂತೆ ಚಿಕ್ಕ ಕಲ್ಲುಗಳನ್ನೂ ನೆಟ್ಟಿರುವುದುಂಟು. ಇವುಗಳಿಂದಲೇ ವೇಗವನ್ನು ಕಂಡುಕೊಂಡರೆ ಬೇಗನೆ ಮುಗಿಯುವುದಲ್ಲವೆ? ಪರೀಕ್ಷಿಸಿ ನೋಡೋಣ. ಕಾರು 80ರ ವೇಗದಲ್ಲಿದ್ದರೆ 200 ಮೀಟರಿಗೆ 9 ಸೆಕೆಂಡು ಬೇಕು. ಎಣಿಕೆಯಲ್ಲಿ ಒಂದೇ ಸೆಕೆಂಡು ತಪ್ಪಿ 8 ಎಂದರೆ ಉತ್ತರ 90 ಆಗುತ್ತದೆ, 10 ಎಂದರೆ 72. ಅದೇ ತಪ್ಪು ಒಂದು ಕಿಲೋಮೀಟರಿನ 45 ಸೆಕೆಂಡುಗಳಲ್ಲಿ ಆದರೆ ಉತ್ತರ 78 ಮತ್ತು 82ರ ನಡುವೆಯೇ ಉಳಿಯುತ್ತದೆ. ಐದು ಕಿಲೋಮೀಟರುಗಳನ್ನು ಒಟ್ಟಿಗೆ ಅಳೆದರೆ ವ್ಯತ್ಯಾಸ ಅರ್ಧ ಕಿಲೋಮೀಟರನ್ನೂ ಮುಟ್ಟದು. ಕಣ್ಣಿನ ಮತ್ತು ಕೈಯ ತಪ್ಪನ್ನು ಪೂರ್ತಿಯಾಗಿ ತೊಡೆದುಹಾಕಲು ಸಾಧ್ಯವಿಲ್ಲ; ಅಳೆಯುವ ಮೊತ್ತವನ್ನು ಹಿರಿದಾಗಿಸಿ ಅದನ್ನು ಹಂಚಿಹಾಕಬಹುದು. ಲೋಲಕದ ಒಂದು ತೂಗಾಟದ ಬದಲು ಇಪ್ಪತ್ತು ತೂಗಾಟಗಳ ಕಾಲವನ್ನು ಅಳೆಯಬೇಕೆಂದು ಪ್ರಯೋಗಶಾಲೆಯಲ್ಲಿ ಹೇಳುವುದು ಇದೇ ಕಾರಣದಿಂದ.

ನಮ್ಮ ಉತ್ತರವನ್ನು ಕಾರಿನ ವೇಗಮಾಪಕದೊಡನೆ ಹೋಲಿಸಿದಾಗ, ಮಾಪಕ ತುಸು ಹೆಚ್ಚು ತೋರಿಸುತ್ತಿರುವುದು ಕಂಡುಬರಬಹುದು. ಇದು ಕೆಟ್ಟ ಮಾಪಕದ ಲಕ್ಷಣವಲ್ಲ. ನಿಜವಾದ ವೇಗಕ್ಕಿಂತ ಕಡಮೆ ತೋರಿಸಿ ಅಪಾಯ ತರಬಾರದೆಂದು, ಸಾಮಾನ್ಯವಾಗಿ ಅದನ್ನು ಸ್ವಲ್ಪ ಹೆಚ್ಚಿಗೆ ತೋರಿಸುವಂತೆಯೇ ಅಳವಡಿಸಿರುತ್ತಾರೆ.

ಕಳೆದ ಕಾಲವನ್ನು ಹಿಂದಕ್ಕೆ ಪಡೆಯುವ ಆಟ

ವೇಗದ ಲೆಕ್ಕ ಕೈಗೆ ಹತ್ತಿದ ಮೇಲೆ ಒಂದು ಸಮಸ್ಯೆಯನ್ನು ಒಡ್ಡಬಹುದು. ದಾರಿ 60 ಕಿಲೋಮೀಟರ್. ಮೊದಲ ಅರ್ಧವನ್ನು ಗಂಟೆಗೆ 30 ಕಿಲೋಮೀಟರಿನ ವೇಗದಲ್ಲಿ ಮುಗಿಸಿದ್ದೇವೆ. ಇಡೀ ಪ್ರಯಾಣದ ಸರಾಸರಿ ವೇಗ 60 ಆಗಬೇಕಾದರೆ ಉಳಿದರ್ಧದಲ್ಲಿ ಎಷ್ಟು ವೇಗವಾಗಿ ಹೋಗಬೇಕು?

ಬಹುಮಂದಿ ಕೂಡಲೇ "ತೊಂಬತ್ತು" ಎನ್ನುವರು. ಲೆಕ್ಕ ಹಾಕಿ ನೋಡಿದರೆ ಸಂಗತಿ ಬೇರೆಯೇ ಇದೆ. ಸರಾಸರಿ 60 ಬರಬೇಕಾದರೆ 60 ಕಿಲೋಮೀಟರನ್ನು ಒಂದು ಗಂಟೆಯಲ್ಲಿ ಮುಗಿಸಬೇಕು. ಆ ಒಂದು ಗಂಟೆ ಮೊದಲರ್ಧದಲ್ಲಿಯೇ ಕಳೆದುಹೋಗಿದೆ! ಉಳಿದ 30 ಕಿಲೋಮೀಟರನ್ನು ಕ್ಷಣಮಾತ್ರವೂ ಹಿಡಿಯದಂತೆ ದಾಟಬೇಕಾದೀತು. ರಾಕೆಟ್ಟಿಗೂ ಅದು ಅಸಾಧ್ಯ. ನಿಧಾನವಾಗಿ ಹೋದ ದಾರಿಯಲ್ಲಿ ನಾವು ಹೆಚ್ಚು ಕಾಲ ಇರುತ್ತೇವೆ. ಆದುದರಿಂದ ಸರಾಸರಿಯಲ್ಲಿ ಅದರ ಭಾರವೇ ಹೆಚ್ಚು.

ಇದು ಬರಿಯ ಚಮತ್ಕಾರವಲ್ಲ. ಊರು ದಾಟುವಾಗ ಕಳೆದ ಕಾಲವನ್ನು ಹೆದ್ದಾರಿಯಲ್ಲಿ ಪಡೆದುಬಿಡುತ್ತೇವೆಂಬ ಅವಸರ ದಿನವೂ ಸಾವಿರಾರು ಕಾರುಗಳಲ್ಲಿ ಕಾಣುವಂಥದು. ಮುಂದಿನ 10 ಕಿಲೋಮೀಟರನ್ನು 80ರ ಬದಲು 100ರ ವೇಗದಲ್ಲಿ ಹೋದರೆ ಎಷ್ಟು ಕಾಲ ಉಳಿಯುವುದೆಂದು ಜೊತೆಯವರನ್ನು ಕೇಳಿ ನೋಡಿ. ಐದು ನಿಮಿಷ, ಹತ್ತು ನಿಮಿಷ ಎಂಬ ಉತ್ತರಗಳು ಬಂದರೆ ಆಶ್ಚರ್ಯವಿಲ್ಲ. ನಿಜವಾಗಿ 80ರ ವೇಗದಲ್ಲಿ ಏಳೂವರೆ ನಿಮಿಷ ಬೇಕು, 100ರಲ್ಲಿ ಆರು. ಉಳಿದದ್ದು ಒಂದೂವರೆ ನಿಮಿಷ.

ಇದಕ್ಕೆ ತೆರಬೇಕಾದ ಬೆಲೆಯನ್ನೂ ನೋಡೋಣ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗವು 80ರಿಂದ 100ಕ್ಕೆ ಏರಿದರೆ, ಎಂದರೆ ನೂರಕ್ಕೆ 25ರಷ್ಟು ಹೆಚ್ಚಿದರೆ, ಚಲನಶಕ್ತಿ ನೂರಕ್ಕೆ 56ರಷ್ಟು ಹೆಚ್ಚುತ್ತದೆ. ಅಷ್ಟನ್ನೂ ಬ್ರೇಕುಗಳು ಶಾಖವಾಗಿ ಮಾರ್ಪಡಿಸಿದಲ್ಲದೆ ಕಾರು ನಿಲ್ಲಲಾರದು. ಒಣಗಿದ ಒಳ್ಳೆಯ ರಸ್ತೆಯಲ್ಲಿ ಬ್ರೇಕು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 7 ಮೀಟರಿನಷ್ಟು ವೇಗವನ್ನು ತಗ್ಗಿಸುವುದೆಂದೂ, ಅಪಾಯವನ್ನು ಕಂಡು ಬ್ರೇಕು ತುಳಿಯಲು ಒಂದು ಸೆಕೆಂಡು ಹಿಡಿಯುವುದೆಂದೂ ಇಟ್ಟುಕೊಳ್ಳೋಣ. ಆಗ 80ರ ವೇಗದ ಕಾರು ನಿಲ್ಲಲು ಸುಮಾರು 57 ಮೀಟರ್ ಬೇಕು; 100ರ ವೇಗದ ಕಾರಿಗೆ ಸುಮಾರು 83 ಮೀಟರ್. ಒಂದೂವರೆ ನಿಮಿಷದ ಉಳಿತಾಯಕ್ಕಾಗಿ 26 ಮೀಟರುಗಳನ್ನು ಕೊಟ್ಟಂತಾಯಿತು. ರಸ್ತೆ ದಾಟುತ್ತಿರುವ ಮಗು 60 ಮೀಟರ್ ಮುಂದೆ ಕಂಡಿತೆನ್ನಿ. ಒಂದು ಕಾರು ಅದನ್ನು ಮುಟ್ಟುವ ಮೊದಲೇ ನಿಂತಿರುತ್ತದೆ, ಇನ್ನೊಂದು ಇನ್ನೂ ವೇಗವಾಗಿ ಓಡುತ್ತಿರುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,000ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರ್ಕಾರದ ವರದಿ ತಿಳಿಸುತ್ತದೆ. ವೇಗದ ಲೆಕ್ಕ ಪ್ರಯಾಣಿಕನಿಗೂ ಏಕೆ ತಿಳಿದಿರಬೇಕೆಂಬುದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಇದಕ್ಕೆ ಹೊಂದಿಕೊಂಡ ಚಿಕ್ಕ ಆಟವೊಂದಿದೆ. ಮುಂದಿನ ವಾಹನದ ಹಿಂಬದಿಯು ಒಂದು ಮರವನ್ನೋ ಕಂಬವನ್ನೋ ದಾಟಿದೊಡನೆ "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು" ಎಂದು ಮನಸ್ಸಿನಲ್ಲಿಯೇ ಎಣಿಸಬೇಕು. ಪ್ರತಿಯೊಂದನ್ನು ಹೇಳಲು ಹೆಚ್ಚುಕಡಮೆ ಒಂದು ಸೆಕೆಂಡು ಬೇಕಾಗುತ್ತದೆ. ನಮ್ಮ ಕಾರು ಅದೇ ಕಂಬವನ್ನು ಮುಟ್ಟುವುದರೊಳಗೆ ಎರಡಾದರೂ ಮುಗಿದಿರಬೇಕು. ಮೂರು ಮುಗಿದರೆ ಇನ್ನೂ ಲೇಸು. ಮಳೆಯಲ್ಲಿ ಇದರ ಇಮ್ಮಡಿ ಬೇಕು. ಅಂತರವನ್ನು ಮೀಟರುಗಳಲ್ಲಿ ಹೇಳದೆ ಸೆಕೆಂಡುಗಳಲ್ಲಿ ಹೇಳುವುದರ ಸೊಗಸೆಂದರೆ, ವೇಗ ಹೆಚ್ಚಿದಂತೆ ಅಂತರವೂ ತಾನಾಗಿ ಹೆಚ್ಚುತ್ತದೆ. ಎಣಿಕೆ ಮತ್ತೆ ಮತ್ತೆ ಒಂದಕ್ಕೇ ನಿಲ್ಲುತ್ತಿದ್ದರೆ, ಅದನ್ನು ಕಾರು ನಡೆಸುವವರಿಗೆ ಮೆಲ್ಲನೆ ತಿಳಿಸುವುದರಲ್ಲಿ ತಪ್ಪಿಲ್ಲ.

ಫಲಕದ ಅಂಕಿಗಳು

ವಾಹನದ ಸಂಖ್ಯೆಗಳೆಂದೊಡನೆ ಗಣಿತಪ್ರಿಯರಿಗೆ ಶ್ರೀನಿವಾಸ ರಾಮಾನುಜನ್ನರ ನೆನಪು ಬರುತ್ತದೆ. 1919ರಲ್ಲಿ ಭಾರತಕ್ಕೆ ಮರಳುವ ಮೊದಲು ಅವರು ಇಂಗ್ಲೆಂಡಿನ ಪಟ್ನಿಯಲ್ಲಿ ಅಸ್ವಸ್ಥರಾಗಿ ಮಲಗಿದ್ದಾಗ, ಅವರನ್ನು ನೋಡಲು ಬಂದ ಹಾರ್ಡಿಯವರು ತಾವೇರಿದ್ದ ಟ್ಯಾಕ್ಸಿಯ ಸಂಖ್ಯೆ 1729 ತೀರ ನೀರಸವಾದುದೆಂದರಂತೆ. ಹಾಗಲ್ಲ, ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದಾದ ಸಂಖ್ಯೆಗಳಲ್ಲಿ ಅದೇ ಅತ್ಯಂತ ಚಿಕ್ಕದೆಂದು ರಾಮಾನುಜನ್ ಉತ್ತರಿಸಿದರು. 1ರ ಘನ ಮತ್ತು 12ರ ಘನ ಕೂಡಿದರೂ 1729. 9ರ ಘನ ಮತ್ತು 10ರ ಘನ ಕೂಡಿದರೂ 1729.

ನಮಗೆ ಅಷ್ಟು ಎತ್ತರ ಬೇಡ. ಎದುರಿಗೆ ಬರುವ ವಾಹನಗಳ ಕೊನೆಯ ಎರಡು ಅಂಕಿಗಳನ್ನು ಬರೆಯುತ್ತ ಹೋಗೋಣ. 00ಯಿಂದ 99ರವರೆಗೆ ನೂರು ಬಗೆಗಳಿವೆ. ಇಪ್ಪತ್ತು ವಾಹನಗಳಲ್ಲಿ ಯಾವುದಾದರೂ ಎರಡಕ್ಕೆ ಒಂದೇ ಜೋಡಿ ಅಂಕಿಗಳು ಬೀಳುವವೆ? ಪಂಥ ಕಟ್ಟಿರಿ, ಪಣಕ್ಕೆ ಹುಣಿಸೆಬೀಜ ಸಾಕು. ನೂರು ಬಗೆಗಳಿರುವಲ್ಲಿ ವಾಹನಗಳು ಇಪ್ಪತ್ತೇ. ಆದುದರಿಂದ ಹೆಚ್ಚು ಮಂದಿ "ಬೀಳಲಾರವು" ಎಂಬ ಪಕ್ಷಕ್ಕೇ ಸೇರುವರು. ನೀವು "ಬೀಳುವವು" ಎಂಬ ಪಕ್ಷಕ್ಕೆ ಸೇರಿಕೊಳ್ಳಿ. ಇಂಥ ನೂರು ಪಂಥಗಳಲ್ಲಿ ಸುಮಾರು 87ನ್ನು ನೀವೇ ಗೆಲ್ಲುತ್ತೀರಿ!

ಇದರ ಗುಟ್ಟು ಇಷ್ಟೆ. ನಾವು ಮನಸ್ಸಿನಲ್ಲಿ ಎಣಿಸುವುದು ವಾಹನಗಳನ್ನು. ಎಣಿಸಬೇಕಾದದ್ದು ವಾಹನಗಳ ಜೊತೆಗಳನ್ನು. ಇಪ್ಪತ್ತು ವಾಹನಗಳಲ್ಲಿ ಎರಡೆರಡನ್ನು ಜೊತೆಗೂಡಿಸಿದರೆ 190 ಜೊತೆಗಳಾಗುತ್ತವೆ. ಪ್ರತಿಯೊಂದು ಜೊತೆಯಲ್ಲಿಯೂ ಅಂಕಿಗಳು ಕೂಡುವ ಸಂಭವ ನೂರಕ್ಕೊಂದು. ಸಂದರ್ಭಗಳು 190 ಇರುವಾಗ ಒಂದೂ ಕೂಡದೆ ಹೋಗುವುದೇ ಅಪರೂಪ. ಲೆಕ್ಕವನ್ನು ಹೀಗೂ ಮಾಡಬಹುದು: ಎರಡನೆಯ ವಾಹನ ಮೊದಲನೆಯದನ್ನು ತಪ್ಪಿಸಿಕೊಳ್ಳುವ ಸಂಭವ 99/100, ಮೂರನೆಯದು ಮೊದಲೆರಡನ್ನೂ ತಪ್ಪಿಸಿಕೊಳ್ಳುವ ಸಂಭವ 98/100, ಹೀಗೆಯೇ 81/100ರವರೆಗೆ ಗುಣಿಸುತ್ತ ಹೋದರೆ ಸುಮಾರು 13/100 ಉಳಿಯುತ್ತದೆ. ವಾಹನಗಳು 13 ಆದಾಗಲೇ ಗೆಲುವಿನ ಸಂಭವ ಅರ್ಧವನ್ನು ಮೀರಿರುತ್ತದೆ. ತರಗತಿಯಲ್ಲಿ 23 ಮಂದಿಯಿದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವ ಅರ್ಧಕ್ಕಿಂತ ಹೆಚ್ಚೆಂಬ ಪ್ರಸಿದ್ಧ ಲೆಕ್ಕವೂ ಇದೇ ಜಾತಿಯದು.

ಇನ್ನೊಂದು ಬಗೆಯ ಆಟ: ಕೊನೆಯ ಒಂದೇ ಅಂಕಿಯನ್ನು ನೋಡುತ್ತ 0ಯಿಂದ 9ರವರೆಗಿನ ಹತ್ತನ್ನೂ ಸಂಗ್ರಹಿಸಬೇಕು. ಎಷ್ಟು ವಾಹನಗಳು ಬೇಕಾದಾವು? ಮೊದಲ ಐದು ಅಂಕಿಗಳು ಸರಾಸರಿ ಆರೇಳು ವಾಹನಗಳಲ್ಲಿಯೇ ಸಿಕ್ಕಿಬಿಡುತ್ತವೆ. ಉಳಿದ ಐದಕ್ಕೆ ಇನ್ನೂ ಸುಮಾರು 23 ವಾಹನಗಳು ಬೇಕು; ಕೊನೆಯ ಒಂದಕ್ಕೇ ಸರಾಸರಿ 10. ಒಟ್ಟು 29ರ ಆಸುಪಾಸು. ಕಾಯುತ್ತ ಕುಳಿತಾಗ "ಏಳು ಬಹಳ ಹೊತ್ತಿನಿಂದ ಬಂದಿಲ್ಲ, ಇನ್ನು ಬಂದೇ ಬರಬೇಕು" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನೂ ಪರೀಕ್ಷಿಸಿರಿ. ಮುಂದಿನ ತಿರುವಿನಿಂದ ಬರಲಿರುವ ಲಾರಿಗೆ ಹಿಂದೆ ಬಂದುಹೋದ ಕಾರುಗಳ ಪರಿವೆಯಿಲ್ಲ. ಏಳು ಬರುವ ಸಂಭವ ಮೊದಲು ಹತ್ತಕ್ಕೊಂದಾಗಿತ್ತು, ಈಗಲೂ ಹತ್ತಕ್ಕೊಂದೇ. "ಇಷ್ಟು ಸಲ ಸೋತೆ, ಮುಂದಿನ ಸಲ ಗೆಲ್ಲಲೇಬೇಕು" ಎಂದು ಮನೆಮಠ ಕಳೆದುಕೊಂಡ ಜೂಜುಗಾರರು ಈ ಒಂದು ಮಾತನ್ನು ಹುಣಿಸೆಬೀಜದ ಪಣದಲ್ಲಿ ಕಲಿತಿದ್ದರೆ ಎಷ್ಟೋ ಸಂಸಾರಗಳು ಉಳಿಯುತ್ತಿದ್ದವು.

ಬೆಟ್ಟ ಎಷ್ಟು ದೂರ?

ಓಡುವ ಕಾರಿನಿಂದ ನೋಡಿದರೆ ಹತ್ತಿರದ ಕಂಬಗಳು ಭರ್ರನೆ ಹಿಂದಕ್ಕೋಡುತ್ತವೆ. ತೆಂಗಿನ ತೋಟ ನಿಧಾನವಾಗಿ ಸರಿಯುತ್ತದೆ. ಬೆಟ್ಟ ಬಹಳ ಹೊತ್ತು ಜೊತೆಗೇ ಇರುತ್ತದೆ. ಚಂದ್ರನಂತೂ ಊರು ತಲಪುವವರೆಗೂ ಕೈಬಿಡುವುದಿಲ್ಲ. ನೋಡುವ ಸ್ಥಳ ಬದಲಾದಂತೆ ವಸ್ತು ಕಾಣುವ ದಿಕ್ಕು ಬದಲಾಗುವುದನ್ನು ದಿಗ್ಭೇದವೆನ್ನುವರು. ವಸ್ತು ದೂರವಾದಷ್ಟೂ ದಿಗ್ಭೇದ ಕಡಮೆ. ಈ ಸಂಬಂಧವನ್ನೇ ತಿರುಗಿಸಿ ಬೆಟ್ಟದ ದೂರವನ್ನು ಕಂಡುಹಿಡಿಯಬಹುದು.

ತೋಳನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ, ಮುಷ್ಟಿಯ ಅಗಲ ಕಣ್ಣಿನಲ್ಲಿ ಸುಮಾರು 10 ಡಿಗ್ರಿ ಕೋನವನ್ನು ಉಂಟುಮಾಡುತ್ತದೆ. ರಸ್ತೆ ನೇರವಾಗಿರುವ ಕಡೆ, ಕಿಟಕಿಯ ಒಳಗೇ ಇದ್ದು, ರಸ್ತೆಗೆ ಲಂಬವಾದ ದಿಕ್ಕಿನಲ್ಲಿ ಮುಷ್ಟಿಯನ್ನು ಕದಲದಂತೆ ಹಿಡಿಯಬೇಕು; ತೋಳು ಕಿಟಕಿಯ ಹೊರಗೆ ಹೋಗಕೂಡದು. ಬೆಟ್ಟದ ತುದಿ ಮುಷ್ಟಿಯ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಸರಿಯುವುದರೊಳಗೆ ಕಾರು ಎಷ್ಟು ದೂರ ನಡೆಯಿತೆಂದು ಕಂಡುಕೊಂಡರೆ, ಬೆಟ್ಟದ ದೂರ ಅದರ ಸುಮಾರು ಆರು ಪಟ್ಟು. ಕಾರು ಸೆಕೆಂಡಿಗೆ 20 ಮೀಟರಿನಂತೆ, ಎಂದರೆ ಗಂಟೆಗೆ 72 ಕಿಲೋಮೀಟರಿನಂತೆ ಹೋಗುತ್ತಿದ್ದು ಬೆಟ್ಟ ಸರಿಯಲು 50 ಸೆಕೆಂಡು ಹಿಡಿದರೆ, ನಡೆದ ದೂರ ಒಂದು ಕಿಲೋಮೀಟರ್. ಬೆಟ್ಟ ಇರುವುದು ಸುಮಾರು ಆರು ಕಿಲೋಮೀಟರ್ ಆಚೆ. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದತ್ತ ಹೋಗುವವರು ಎಡಗಡೆಗೆ ಕಾಣುವ ನಂದಿಬೆಟ್ಟದ ಮೇಲೆ ಇದನ್ನು ಪ್ರಯೋಗಿಸಬಹುದು. ಎಲ್ಲರೂ ಮೊದಲು ಊಹೆ ಬರೆಯಲಿ. ಆಮೇಲೆ ಮುಷ್ಟಿಯ ಲೆಕ್ಕ. ಮನೆಗೆ ಬಂದ ಮೇಲೆ ಭೂಪಟದ ಅಳತೆ.

ಚಂದ್ರನು ಜೊತೆಗೆ ಬರುವಂತೆ ತೋರುವುದೂ ಇದರಿಂದಲೇ ತಿಳಿಯುತ್ತದೆ. ಅವನು 3,84,000 ಕಿಲೋಮೀಟರ್ ದೂರದಲ್ಲಿದ್ದಾನೆ. ನಾವು ಒಂದು ಗಂಟೆಯಲ್ಲಿ 60 ಕಿಲೋಮೀಟರ್ ಕ್ರಮಿಸಿದರೂ ಅದರಿಂದ ಅವನು ಸರಿದಂತೆ ಕಾಣುವುದು ಅವನ ಬಿಂಬದ ಅಗಲದ ಐವತ್ತರಲ್ಲೊಂದು ಪಾಲಿಗಿಂತ ಕಡಮೆ. ನಕ್ಷತ್ರಗಳಿಗಾದರೆ ಯಾವ ರಸ್ತೆಯೂ ಸಾಲದು. ಆಗ ಭೂಮಿಯನ್ನೇ ಕಾರನ್ನಾಗಿ ಮಾಡಿಕೊಳ್ಳಬೇಕು. ಆರು ತಿಂಗಳಲ್ಲಿ ಭೂಮಿಯು ತನ್ನ ಕಕ್ಷೆಯ ಒಂದು ಬದಿಯಿಂದ ಇನ್ನೊಂದು ಬದಿಗೆ, ನೇರವಾಗಿ ಅಳೆದರೆ ಸುಮಾರು 30 ಕೋಟಿ ಕಿಲೋಮೀಟರ್ ದೂರಕ್ಕೆ ಸಾಗುತ್ತದೆ. ಅಷ್ಟು ಸಾಗಿದಾಗ ಹಂಸ ರಾಶಿಯ 61ನೆಯ ನಕ್ಷತ್ರದ ದಿಕ್ಕಿನಲ್ಲಾಗುವ ಅತಿ ಸೂಕ್ಷ್ಮವಾದ ಬದಲಾವಣೆಯನ್ನು ಅಳೆದು, 1838ರಲ್ಲಿ ಜರ್ಮನಿಯ ಬೆಸೆಲ್ ಅದರ ದೂರವನ್ನು ಪ್ರಕಟಿಸಿದನು. ಅದು ನಮ್ಮಿಂದ ಸುಮಾರು 11 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಬೆಸೆಲನ ವಿಧಾನಕ್ಕೂ ನಮ್ಮ ಮುಷ್ಟಿಯ ವಿಧಾನಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಸೀಸೆಯ ಗುಳ್ಳೆ, ದಾರದ ಬೀಗದ ಕೈ

ದಾರಿಯಲ್ಲಿ ನೋಡುವಂಥದೇನೂ ಇಲ್ಲದಾಗ ಕಾರಿನೊಳಗೇ ಪ್ರಯೋಗ ನಡೆಸಬಹುದು. ನೀರಿನ ಸೀಸೆಯಲ್ಲಿ ಒಂದು ಗುಳ್ಳೆಯಷ್ಟು ಗಾಳಿ ಉಳಿಯುವಂತೆ ತುಂಬಿ, ಮುಚ್ಚಳ ಬಿಗಿದು, ಕಾರು ಹೋಗುವ ದಿಕ್ಕಿನುದ್ದಕ್ಕೆ ಅಡ್ಡಲಾಗಿ ಮಲಗಿಸಿ ಹಿಡಿದುಕೊಳ್ಳಿ. ಬ್ರೇಕು ಬಿದ್ದಾಗ ಗುಳ್ಳೆ ಯಾವ ಕಡೆಗೆ ಹೋಗುತ್ತದೆ? ನಾವೆಲ್ಲ ಮುಂದಕ್ಕೆ ಮುಗ್ಗರಿಸುತ್ತೇವಾದುದರಿಂದ ಗುಳ್ಳೆಯೂ ಮುಂದಕ್ಕೇ ಹೋಗುವುದೆಂದು ಹೆಚ್ಚಿನವರ ಊಹೆ. ಆದರೆ ಗುಳ್ಳೆ ಹಿಂದಕ್ಕೆ ಓಡುತ್ತದೆ! ಜಡತ್ವದಿಂದ ಮುಂದಕ್ಕೆ ನುಗ್ಗುವುದು ಗುಳ್ಳೆಗಿಂತ ಬಹಳ ಭಾರವಾದ ನೀರು. ನೀರು ಮುಂದಿನ ಜಾಗವನ್ನು ಆಕ್ರಮಿಸಿಕೊಂಡಾಗ ಗುಳ್ಳೆಗೆ ಉಳಿಯುವುದು ಹಿಂದಿನ ಜಾಗ. ಕಾರು ವೇಗ ಹೆಚ್ಚಿಸಿಕೊಂಡಾಗ ಗುಳ್ಳೆ ಮುಂದಕ್ಕೆ ಬರುತ್ತದೆ. ಎಡಕ್ಕೆ ತಿರುಗುವಾಗ ಸೀಸೆಯನ್ನು ಅಗಲಕ್ಕೆ ಹಿಡಿದರೆ ಏನಾಗುವುದೆಂಬುದನ್ನು ಓದುಗರ ಊಹೆಗೇ ಬಿಡುತ್ತೇವೆ.

ದಾರದ ಕೊನೆಗೆ ಚಿಕ್ಕ ಬೀಗದ ಕೈಯನ್ನು ಕಟ್ಟಿ ಇಳಿಬಿಟ್ಟರೆ ವೇಗೋತ್ಕರ್ಷವನ್ನು ಅಳೆಯುವ ಉಪಕರಣವೇ ಸಿದ್ಧವಾಯಿತು. ಕಾರು ಒಂದೇ ವೇಗದಲ್ಲಿ ನೇರವಾಗಿ ಹೋಗುತ್ತಿರುವಾಗ, ವೇಗ ಎಷ್ಟೇ ಇರಲಿ, ದಾರ ನೆಟ್ಟಗೆ ತೂಗುತ್ತದೆ. ವೇಗ ಬದಲಾದಾಗ ಮಾತ್ರ ಅದು ಓರೆಯಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ 20 ಸೆಂಟಿಮೀಟರ್ ಉದ್ದದ ದಾರದ ತುದಿ 2 ಸೆಂಟಿಮೀಟರ್ ಹಿಂದಕ್ಕೆ ಸರಿದು ನಿಂತರೆ, ವೇಗೋತ್ಕರ್ಷವು ಗುರುತ್ವದ ವೇಗೋತ್ಕರ್ಷದ ಹತ್ತರಲ್ಲೊಂದು ಪಾಲು. ಎಂದರೆ ಕಾರಿನ ವೇಗ ಪ್ರತಿ ಸೆಕೆಂಡಿಗೆ ಸುಮಾರು 1 ಮೀಟರಿನಷ್ಟು ಏರುತ್ತಿದೆ. ಅದು ಹತ್ತು ಸೆಕೆಂಡು ಹಾಗೆಯೇ ನಿಂತಿದ್ದರೆ ಗಂಟೆಗೆ ಸುಮಾರು 36 ಕಿಲೋಮೀಟರಿನಷ್ಟು ವೇಗ ಹೆಚ್ಚಿರಬೇಕು. ಹೆಚ್ಚಿತೆ ಎಂಬುದನ್ನು ಮಾಪಕ ಹೇಳುತ್ತದೆ.

ಕತ್ತಲಾದ ಮೇಲೆ

ಕಲ್ಲು, ಫಲಕ, ಬೆಟ್ಟ ಯಾವುದೂ ಕಾಣದ ಹೊತ್ತಿಗೆ ಪ್ರಶ್ನೆಗಳ ಆಟ ಯೋಗ್ಯವಾದುದು. ಒಬ್ಬರು 0ಯಿಂದ 9999ರವರೆಗಿನ ಯಾವುದಾದರೂ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ. ಉಳಿದವರು "ಹೌದು" ಅಥವಾ "ಅಲ್ಲ" ಎಂಬ ಉತ್ತರ ಬರುವ ಪ್ರಶ್ನೆಗಳನ್ನಷ್ಟೇ ಕೇಳಿ ಅದನ್ನು ಹಿಡಿಯಬೇಕು. ಎಷ್ಟು ಪ್ರಶ್ನೆಗಳು ಬೇಕು? ನೂರು, ಇನ್ನೂರು ಎಂಬ ಊಹೆಗಳು ಬರಬಹುದು. ಹದಿನಾಲ್ಕು ಸಾಕು.

"ಆ ಸಂಖ್ಯೆ 4271ಯೆ?" ಎಂದು ಕೇಳಿದವನಿಗೆ "ಅಲ್ಲ" ಎಂಬ ಉತ್ತರ ಬಂದರೆ ಹತ್ತು ಸಾವಿರದಲ್ಲಿ ಒಂದು ಮಾತ್ರ ಕಳೆಯುತ್ತದೆ. "5000ಕ್ಕಿಂತ ಕಡಮೆಯೆ?" ಎಂದು ಕೇಳಿದವನಿಗೆ ಉತ್ತರ ಯಾವುದೇ ಬರಲಿ, ಅರ್ಧಕ್ಕೆ ಅರ್ಧ ಕಳೆದುಹೋಗುತ್ತದೆ. ಪ್ರತಿ ಪ್ರಶ್ನೆಯೂ ಉಳಿದದ್ದನ್ನು ಇಬ್ಭಾಗ ಮಾಡುವಂತಿದ್ದರೆ 14 ಪ್ರಶ್ನೆಗಳು 16,384 ಸಂಖ್ಯೆಗಳಿಗೆ ಸಾಲುತ್ತವೆ. 17 ಪ್ರಶ್ನೆಗಳಿಂದ ಲಕ್ಷ ಪದಗಳ ನಿಘಂಟಿನಲ್ಲಿ ಬೇಕಾದ ಪದವನ್ನು ಹಿಡಿಯಬಹುದು. 20 ಪ್ರಶ್ನೆಗಳು ಹತ್ತು ಲಕ್ಷಕ್ಕೂ ಮೀರಿದ ವಸ್ತುಗಳಲ್ಲಿ ಒಂದನ್ನು ಗುರುತಿಸುತ್ತವೆ. ಹೀಗೆ ಇಬ್ಭಾಗ ಮಾಡುವ ಒಂದು ಉತ್ತರದಲ್ಲಿ ಅಡಗಿರುವ ಮಾಹಿತಿಯೇ ಒಂದು "ಬಿಟ್". ಅಮೆರಿಕದ ಕ್ಲಾಡ್ ಶಾನನ್ 1948ರಲ್ಲಿ ಮಾಹಿತಿಯನ್ನು ಅಳೆಯುವ ಸಿದ್ಧಾಂತವನ್ನು ಕಟ್ಟಿದ್ದು ಈ ಮಾನದ ಮೇಲೆಯೇ. ಒಳ್ಳೆಯ ಪ್ರಶ್ನೆಯೆಂದರೆ "ಹೌದು" ಬರಲೆಂದು ಹಂಬಲಿಸುವ ಪ್ರಶ್ನೆಯಲ್ಲ. "ಅಲ್ಲ" ಬಂದರೂ ಅಷ್ಟೇ ಕಲಿಸುವ ಪ್ರಶ್ನೆ. ವಿಜ್ಞಾನಿಗಳು ತಮ್ಮ ಪ್ರಯೋಗಗಳನ್ನು ರೂಪಿಸುವಾಗ ಮನಸ್ಸಿನಲ್ಲಿಟ್ಟುಕೊಳ್ಳುವ ಮಾತೂ ಇದೇ.

ಈ ಆಟಗಳಲ್ಲಿ ಸೋಲುವವರೇ ಹೆಚ್ಚು ಪಡೆಯುವರೆಂಬುದನ್ನು ಓದುಗರು ಗಮನಿಸಿರಬಹುದು. ಸರಾಸರಿ ವೇಗ, ಫಲಕದ ಅಂಕಿಗಳು, ಸೀಸೆಯ ಗುಳ್ಳೆ ಇವುಗಳಲ್ಲಿ ನಮ್ಮ ಸಹಜವಾದ ಊಹೆ ತಪ್ಪುತ್ತದೆ. ತಪ್ಪಿದ ಊಹೆಯನ್ನು ಮೊದಲೇ ಬಾಯಿಬಿಟ್ಟು ಹೇಳಿದ್ದರಿಂದಲೇ ಅದು ನೆನಪಿನಲ್ಲಿ ನಿಲ್ಲುತ್ತದೆ. ಮುಂದಿನ ಪ್ರಯಾಣಕ್ಕೆ ಹೊರಡುವಾಗ ಒಂದು ಹಾಳೆಯನ್ನು ಎರಡು ಅಂಕಣಗಳಾಗಿ ಗೆರೆಯೆಳೆದು ಇಟ್ಟುಕೊಳ್ಳಿ: ಎಡಗಡೆ ಊಹೆ, ಬಲಗಡೆ ಫಲ. ಊರು ಬರುವ ವೇಳೆಗೆ ಎರಡು ಅಂಕಣಗಳೂ ತುಂಬಿದ್ದರೆ ದಾರಿ ಸವೆದದ್ದು ಸಾರ್ಥಕವಾಯಿತು.